ಬಿರುಕಿನ ದಿನಚರಿ: ಹಳೆಯ ಕಟ್ಟಡಗಳು ಮತ್ತು ನಿಸ್ತಂತು ಸಂವೇದಕಗಳು

1. ಬಿರುಕಿಗೂ ಒಂದು ವಯಸ್ಸಿದೆ

ಹಳೆಯ ಕಟ್ಟಡದ ಗೋಡೆ ಬಿರುಕು ಬಿಟ್ಟಾಗ ಎಲ್ಲರ ಕಣ್ಣೂ ಅದರ ಅಗಲದ ಮೇಲೆ ಬೀಳುತ್ತದೆ. ಅಗಲಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಆ ಬಿರುಕು ಬೆಳೆಯುತ್ತಿದೆಯೇ, ನಿಂತಿದೆಯೇ? ಐದು ಮಿಲಿಮೀಟರ್ ಅಗಲದ ಬಿರುಕು ಇನ್ನೂರು ವರ್ಷಗಳಿಂದ ಹಾಗೆಯೇ ಇದ್ದರೆ ಕಟ್ಟಡ ಅದರೊಂದಿಗೆ ಹೊಂದಿಕೊಂಡು ನಿಂತಿದೆ ಎಂದು ತಿಳಿಯಬಹುದು. ಕೂದಲೆಳೆಯಂಥ ಬಿರುಕು ಒಂದೇ ಮಳೆಗಾಲದಲ್ಲಿ ಒಂದು ಮಿಲಿಮೀಟರ್ ಬಾಯಿ ಬಿಟ್ಟು, ಬೇಸಿಗೆಯಲ್ಲೂ ಹಿಂದಕ್ಕೆ ಮುಚ್ಚದಿದ್ದರೆ ಒಳಗೆ ಏನೋ ಸರಿಯುತ್ತಿದೆ ಎಂದರ್ಥ. ಎರಡನ್ನೂ ಒಂದು ದಿನ ನಿಂತು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ದಿನ, ತಿಂಗಳು, ವರ್ಷಗಳ ಅಳತೆ ಕೈಯಲ್ಲಿದ್ದರೆ ಮಾತ್ರ ತಿಳಿಯುತ್ತದೆ.

ಕಟ್ಟಡಗಳು ಸಾಮಾನ್ಯವಾಗಿ ಸೂಚನೆ ಕೊಟ್ಟೇ ಬೀಳುತ್ತವೆ. ಕೃಷ್ಣದೇವರಾಯನ ಕಾಲದಲ್ಲಿ, 1516ರಲ್ಲಿ, ಕಟ್ಟಿದ ಶ್ರೀಕಾಳಹಸ್ತಿಯ ರಾಜಗೋಪುರ 2010ರ ಮೇ 26ರಂದು ಕುಸಿಯಿತು. ಕುಸಿಯುವ ಮುಂಚಿನ ದಿನಗಳಲ್ಲಿ ಅದರ ಬಿರುಕು ಎಲ್ಲರಿಗೂ ಕಾಣುವಂತೆ ಬೆಳೆದಿತ್ತು; ಸುತ್ತಲಿನವರನ್ನು ದೂರ ಸರಿಸಿದ್ದರಿಂದ ಜನರು ಉಳಿದರು, ಗೋಪುರ ಉಳಿಯಲಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ 25ರಂದು ಕುಸಿದಾಗ ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ದ್ವಾರ ಬಿತ್ತು. 2024ರ ಮೇ ತಿಂಗಳಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯದ ರಥಬೀದಿಯ ಸಾಲುಮಂಟಪದ ಕಂಬಗಳು ಮಳೆಗೆ ಉರುಳಿದವು. ಮಳೆ, ನೆನೆದ ನೆಲ, ಸಡಿಲಗೊಂಡ ಗಾರೆ, ಇವೇ ಕಾರಣಗಳು ಹಳೆಯ ಕಟ್ಟಡಗಳ ಕುಸಿತದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ಕಟ್ಟಡ ಕೊಡುವ ಸೂಚನೆಯನ್ನು ಅದು ಕಣ್ಣಿಗೆ ಬೀಳುವ ಮೊದಲೇ ಹಿಡಿದು, ದಿನಾಂಕ ಮತ್ತು ಹೊತ್ತು ಸಮೇತ ಬರೆದಿಡುವ ಸಾಧನವೇ ಸಂವೇದಕ. ಬಳಕೆಯ ಮಾತಿನಲ್ಲಿ ಸೆನ್ಸರ್. ತಂತಿಯಿಲ್ಲದೆ ರೇಡಿಯೊ ಅಲೆಗಳ ಮೂಲಕ ತನ್ನ ಅಳತೆಯನ್ನು ಕಳಿಸುವಂಥದ್ದು ನಿಸ್ತಂತು ಸಂವೇದಕ. ಕೋಟೆ, ಬಸದಿ, ಗುಡಿ, ಮಸೀದಿ, ಚರ್ಚು, ಹಳೆಯ ಮನೆ, ಬಾವಿ ಎಲ್ಲವನ್ನೂ ಹತ್ತಿರ ಹತ್ತಿರದಲ್ಲೇ ಉಳಿಸಿಕೊಂಡಿರುವ ಬೆಳಗಾವಿ ಮತ್ತು ಖಾನಾಪುರದ ಸೀಮೆಗೆ ಈ ವಿದ್ಯೆ ನೇರವಾಗಿ ಸಂಬಂಧಿಸಿದ್ದು.

2. ಗಾಜಿನ ಪಟ್ಟಿಯಿಂದ ರೇಡಿಯೊವರೆಗೆ

ಬಿರುಕನ್ನು ಅಳೆಯುವ ಹಳೆಯ ಉಪಾಯ ಬಹಳ ಸರಳ. ಬಿರುಕಿನ ಎರಡೂ ದಡಕ್ಕೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಗಾರೆಯಿಂದ ಅಂಟಿಸಿ ದಿನಾಂಕ ಬರೆಯುವುದು. ಗೋಡೆ ಸರಿದರೆ ಗಾಜು ಒಡೆಯುತ್ತದೆ. 1902ರ ಜುಲೈಯಲ್ಲಿ ವೆನಿಸ್ ನಗರದ ಸಂತ ಮಾರ್ಕನ ಗಂಟೆಗೋಪುರದಲ್ಲಿ ಬಿರುಕು ಕಂಡಾಗ ಹೀಗೆಯೇ ಗಾಜು ಅಂಟಿಸಿದರು. ಗಾಜುಗಳು ಒಡೆದವು, ಜುಲೈ 14ರ ಬೆಳಿಗ್ಗೆ ಇಡೀ ಗೋಪುರ ನೆಲಕ್ಕೆ ಕುಸಿಯಿತು. ಚೌಕವನ್ನು ತೆರವು ಮಾಡಿದ್ದರಿಂದ ಯಾರೂ ಸಾಯಲಿಲ್ಲ. ಗಾಜು ತನ್ನ ಕೆಲಸ ಮಾಡಿತ್ತು. ಆದರೆ ಅದು ಹೇಳಬಲ್ಲದ್ದು 'ಸರಿದಿದೆ' ಎಂಬ ಒಂದೇ ಮಾತು. ಎಷ್ಟು ಸರಿದಿದೆ, ಯಾವಾಗ, ಯಾವ ವೇಗದಲ್ಲಿ ಎಂಬುದನ್ನು ಅದು ಹೇಳದು.

1989ರ ಮಾರ್ಚ್ 17ರಂದು ಇಟಲಿಯ ಪಾವಿಯಾ ನಗರದ ಮಧ್ಯಯುಗದ ಗೋಪುರ ಕುಸಿದು ನಾಲ್ವರು ಸತ್ತರು. ಅದರ ಅವಶೇಷಗಳನ್ನು ಪರೀಕ್ಷಿಸಿದ ಲೂಯಿಜಿಯಾ ಬಿಂದಾ ಮತ್ತು ಸಂಗಡಿಗರು, ಕಟ್ಟಡ ತನ್ನದೇ ಭಾರವನ್ನು ಶತಮಾನಗಳ ಕಾಲ ಹೊತ್ತು ಒಳಗೊಳಗೇ ಸೂಕ್ಷ್ಮ ಬಿರುಕುಗಳನ್ನು ಕೂಡಿಸಿಕೊಳ್ಳುವ ಬಗೆಯನ್ನು ವಿವರಿಸಿದರು. ಗಾಳಿಮಳೆ, ಭೂಕಂಪ ಏನೂ ಇಲ್ಲದೆಯೂ ಕಲ್ಲುಗೋಡೆ ದಣಿಯುತ್ತದೆ ಎಂಬ ತಿಳಿವಳಿಕೆ ಹಳೆಯ ಕಟ್ಟಡಗಳ ಮೇಲೆ ನಿರಂತರ ನಿಗಾ ಬೇಕೆಂಬ ವಾದಕ್ಕೆ ಬಲ ಕೊಟ್ಟಿತು. ಆ ಘಟನೆಯ ಹಿಂದೆಯೇ, 1990ರ ಜನವರಿಯಲ್ಲಿ, ಪೀಸಾದ ವಾಲುಗೋಪುರವನ್ನು ಜನರಿಗೆ ಮುಚ್ಚಲಾಯಿತು. ಅದರ ಉತ್ತರ ಬದಿಯ ಅಡಿಪಾಯದಿಂದ ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆಯುತ್ತಾ, ಪ್ರತಿಯೊಂದು ಹೆಜ್ಜೆಯ ಪರಿಣಾಮವನ್ನು ಉಪಕರಣಗಳಿಂದ ನೋಡುತ್ತಾ, ಗೋಪುರದ ತುದಿಯನ್ನು ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ತಂದು 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು. ಅಳತೆಯ ಉಪಕರಣ ಅಪಾಯವನ್ನು ಸಾರುವುದಷ್ಟೇ ಅಲ್ಲ, ಚಿಕಿತ್ಸೆ ಎಷ್ಟು ಮುಂದುವರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನೂ ತಿಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಆ ಕಾಲದ ಉಪಕರಣಗಳಿಗೆ ತಂತಿ ಬೇಕಿತ್ತು. ಕೆತ್ತನೆಯ ಮೇಲೆ, ಚಿತ್ರಭಿತ್ತಿಯ ಮೇಲೆ ತಂತಿ ಎಳೆಯುವುದು ಕಟ್ಟಡಕ್ಕೆ ಇನ್ನೊಂದು ಗಾಯ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕಲಿಯಲ್ಲಿ ಕ್ರಿಸ್ ಪಿಸ್ಟರ್ 'ಸ್ಮಾರ್ಟ್ ಡಸ್ಟ್', ಅಂದರೆ ಚುರುಕು ಧೂಳು, ಎಂಬ ಹೆಸರಿನಲ್ಲಿ ಪುಟ್ಟ ನಿಸ್ತಂತು ಘಟಕಗಳ ಕಲ್ಪನೆಯನ್ನು ಮುಂದಿಟ್ಟರು. ಮುಂದಿನ ದಶಕದಲ್ಲಿ ಬರ್ಕಲಿಯ ಸಂಶೋಧಕರು ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಮೇಲೆ 64 ಘಟಕಗಳನ್ನು ಇಟ್ಟು ಅದರ ಕಂಪನವನ್ನು ದಾಖಲಿಸಿದರು. ಪಾರಂಪರಿಕ ಕಟ್ಟಡಗಳ ಮಟ್ಟಿಗೆ ದಾರಿ ತೋರಿದ್ದು ಇಟಲಿಯ ಟ್ರೆಂಟೊ ನಗರದ ತೊರ್ರೆ ಆಕ್ವಿಲಾ. 31 ಮೀಟರ್ ಎತ್ತರದ ಈ ಮಧ್ಯಯುಗದ ಗೋಪುರದೊಳಗೆ ವರ್ಷದ ತಿಂಗಳುಗಳನ್ನು ಚಿತ್ರಿಸಿದ ಪ್ರಸಿದ್ಧ ಭಿತ್ತಿಚಿತ್ರಗಳಿವೆ. ಹತ್ತಿರದಲ್ಲಿ ರಸ್ತೆ ಸುರಂಗ ತೋಡುವ ಯೋಜನೆ ಬಂದಾಗ, ಗೋಪುರದ ಕಂಪನ, ಗೋಡೆಯ ಹಿಗ್ಗು, ಒಳಗಿನ ತಾಪ ಮತ್ತು ತೇವ ಇವನ್ನೆಲ್ಲ ಅಳೆಯುವ ನಿಸ್ತಂತು ಜಾಲವನ್ನು ಅಲ್ಲಿ ಹೂಡಲಾಯಿತು. ಅದರ ವರದಿ 2009ರಲ್ಲಿ ಪ್ರಕಟವಾಯಿತು. ಚಿತ್ರಕ್ಕೆ ಧಕ್ಕೆಯಾಗದಂತೆ, ತಿಂಗಳುಗಟ್ಟಲೆ ಬ್ಯಾಟರಿಯ ಮೇಲೆಯೇ ಜಾಲ ನಡೆಯಬಲ್ಲದು ಎಂಬುದು ಅಲ್ಲಿ ರುಜುವಾತಾಯಿತು.

3. ಒಂದು ಘಟಕದ ಒಳಗೆ

ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಘಟಕದಲ್ಲಿ ನಾಲ್ಕು ಭಾಗಗಳಿರುತ್ತವೆ: ಅಳೆಯುವ ಸಂವೇದಕ, ಲೆಕ್ಕ ಮಾಡುವ ಪುಟ್ಟ ಚಿಪ್, ರೇಡಿಯೊ ಮತ್ತು ಬ್ಯಾಟರಿ. ಹಲವು ಘಟಕಗಳು ತಮ್ಮ ಅಂಕಿಗಳನ್ನು ಗೇಟ್‌ವೇ ಎಂಬ ಒಂದು ಪೆಟ್ಟಿಗೆಗೆ ಕಳಿಸುತ್ತವೆ. ಅದು ಮೊಬೈಲ್ ಜಾಲದ ಮೂಲಕ ಅವನ್ನು ಕಂಪ್ಯೂಟರಿಗೆ ಮುಟ್ಟಿಸುತ್ತದೆ.

ಈ ವಿನ್ಯಾಸದ ಜೀವಾಳ ಬ್ಯಾಟರಿಯ ಮಿತವ್ಯಯ. ಘಟಕ ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತದೆ. ನಿಗದಿತ ಹೊತ್ತಿಗೆ ಎದ್ದು, ಅಳೆದು, ಕಳಿಸಿ, ಮತ್ತೆ ಮಲಗುತ್ತದೆ. ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಬ್ಯಾಟರಿಯ ಶಕ್ತಿ 2,400 ಮಿಲಿಆಂಪ್-ಗಂಟೆ, ನಿದ್ದೆಯಲ್ಲಿ ಎಳೆಯುವ ವಿದ್ಯುತ್ತು 10 ಮೈಕ್ರೊಆಂಪ್, ಎಚ್ಚರದಲ್ಲಿ ಒಂದೂವರೆ ಸೆಕೆಂಡು 40 ಮಿಲಿಆಂಪ್ ಎಂದಿಟ್ಟುಕೊಂಡರೆ, ಹದಿನೈದು ನಿಮಿಷಕ್ಕೊಮ್ಮೆ ಎದ್ದು ದಿನಕ್ಕೆ 96 ಸಲ ಅಳೆಯುವ ಘಟಕ ಸುಮಾರು ಮೂರೂವರೆ ವರ್ಷ ನಡೆಯುತ್ತದೆ. ಅದೇ ಘಟಕ ನಿಮಿಷಕ್ಕೊಮ್ಮೆ ಎದ್ದರೆ ನೂರು ದಿನಗಳಲ್ಲಿ ಬ್ಯಾಟರಿ ಬರಿದಾಗುತ್ತದೆ. ಬಿರುಕು ಬೆಳೆಯುವುದು ವಾರ, ತಿಂಗಳುಗಳ ಲೆಕ್ಕದಲ್ಲಿ. ಅದಕ್ಕೆ ನಿಮಿಷಕ್ಕೊಂದು ಅಳತೆ ಬೇಕಿಲ್ಲ. ಏನನ್ನು ಅಳೆಯಬೇಕು ಎಂಬುದು ತೀರ್ಮಾನವಾದ ಮೇಲೆಯೇ ಎಷ್ಟು ಸಲ ಅಳೆಯಬೇಕು ಎಂಬುದು ತೀರ್ಮಾನವಾಗಬೇಕು.

ರೇಡಿಯೊಗೂ ಕಟ್ಟಡದ ಗುಣ ತಟ್ಟುತ್ತದೆ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳು ದಪ್ಪ ಕಲ್ಲುಗೋಡೆಯಲ್ಲಿ, ಅದರಲ್ಲೂ ಮಳೆಯಲ್ಲಿ ನೆನೆದ ಗೋಡೆಯಲ್ಲಿ, ಬೇಗ ಸೊರಗುತ್ತವೆ. ಭಾರತದಲ್ಲಿ ಲೈಸೆನ್ಸಿಲ್ಲದೆ ಬಳಸಬಹುದಾದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯ ಅಲೆಗಳು ಗೋಡೆಗಳನ್ನು ಇನ್ನೂ ಚೆನ್ನಾಗಿ ದಾಟುತ್ತವೆ. ಕಡಿಮೆ ವಿದ್ಯುತ್ತಿನಲ್ಲಿ ದೂರ ಕ್ರಮಿಸುವ 'ಲೋರಾ' ಎಂಬ ಪದ್ಧತಿ ಈ ಪಟ್ಟಿಯಲ್ಲಿ ನಡೆಯುತ್ತದೆ. ಅದರ ಮಿತಿಯೆಂದರೆ ಅದು ಸಾಗಿಸಬಲ್ಲ ಮಾಹಿತಿ ಬಹಳ ಕಡಿಮೆ. ಬಿರುಕಿನ ಅಗಲ, ತಾಪ, ತೇವ ಇಂಥ ಬಿಡಿ ಅಂಕಿಗಳಿಗೆ ಅದು ಧಾರಾಳವಾಗಿ ಸಾಕು. ಕಂಪನದ ಪೂರ್ತಿ ದಾಖಲೆಗೆ ಸಾಲದು.

4. ಅಳೆಯಬೇಕಾದ ಐದು ಸಂಗತಿಗಳು

ಮೊದಲನೆಯದು ಬಿರುಕು. ಬಿರುಕಿನ ಎರಡು ದಡಗಳಿಗೆ ಎರಡು ತುದಿ ಕೂರಿಸಿದ ಮಾಪಕ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಚಲನೆಯನ್ನು ಗುರುತಿಸುತ್ತದೆ. ಆ ಚಲನೆಯೆಲ್ಲ ಅಪಾಯವಲ್ಲ. ಕಲ್ಲು ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ಕಲ್ಲುಗೋಡೆ 20 ಡಿಗ್ರಿ ತಾಪದ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಮಿಲಿಮೀಟರ್ ಹಿಗ್ಗಬಹುದು. ಆದ್ದರಿಂದ ಬಿರುಕಿನ ಪಕ್ಕದಲ್ಲಿಯೇ ಗೋಡೆಯ ತಾಪವನ್ನೂ ಅಳೆಯಬೇಕು. ಆಗ ಬಿಸಿಲಿನ ಪಾಲನ್ನು ಕಳೆದು ಉಳಿದದ್ದನ್ನು ನೋಡಬಹುದು.

ಎರಡನೆಯದು ವಾಲು. ಐದು ಮೀಟರ್ ಎತ್ತರದ ಗೋಡೆ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ವಾಲಿದರೆ ಅದರ ತಲೆ ಸುಮಾರು 0.9 ಮಿಲಿಮೀಟರ್ ಮುಂದಕ್ಕೆ ಬರುತ್ತದೆ. ಮನುಷ್ಯರ ಕಣ್ಣಿಗೆ ಕಾಣದ ಈ ಬದಲಾವಣೆಯನ್ನು ವಾಲುಮಾಪಕ ಹಿಡಿಯುತ್ತದೆ. ಗಾರೆಕೆಲಸದವರ ತೂಗುಗುಂಡು ಮಾಡುವ ಕೆಲಸವನ್ನೇ ಇದು ಹಗಲೂ ರಾತ್ರಿ ಮಾಡುತ್ತದೆ.

ಮೂರನೆಯದು ಕಂಪನ. ಪ್ರತಿ ಕಟ್ಟಡಕ್ಕೂ ಅದರದೇ ಆದ ಸಹಜ ಕಂಪನಾಂಕ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅದು ಕಂಪಿಸುತ್ತದೆ ಎಂಬ ಅಂಕಿ, ಇದೆ. ಅದು ಕಟ್ಟಡದ ಬಿಗಿ ಮತ್ತು ಭಾರವನ್ನು ಅವಲಂಬಿಸಿದೆ. ಕಲ್ಲುಗಳ ನಡುವಿನ ಗಾರೆ ಸತ್ತು ಕಟ್ಟಡ ಸಡಿಲವಾದರೆ ಕಂಪನಾಂಕ ಇಳಿಯುತ್ತದೆ. ಪೋರ್ಚುಗಲ್ಲಿನ ಮೊಗದೌರೊ ಊರಿನ ಗಡಿಯಾರ ಗೋಪುರವನ್ನು ಬಲಪಡಿಸಿದ ನಂತರ ಅಳೆದಾಗ ಕಂಪನಾಂಕ ಏರಿದ್ದು ಕಂಡುಬಂತು. ದುರಸ್ತಿ ಫಲಿಸಿತೇ ಎಂಬುದಕ್ಕೆ ಅದು ಲೆಕ್ಕದ ಉತ್ತರ. ಹೊರಗಿನಿಂದ ಬರುವ ಕಂಪನಕ್ಕೂ ಒಂದು ಮಿತಿಯಿದೆ. ಸೂಕ್ಷ್ಮವಾದ ಹಳೆಯ ಕಟ್ಟಡದ ಅಡಿಪಾಯದಲ್ಲಿ, ಹತ್ತು ಹರ್ಟ್ಸ್‌ವರೆಗಿನ ಅಲ್ಪಾವಧಿಯ ಕಂಪನಕ್ಕೆ ಜರ್ಮನಿಯ ಡಿಐಎನ್ 4150 ಮಾನಕ ಸೂಚಿಸುವ ಮಿತಿ ಸೆಕೆಂಡಿಗೆ 3 ಮಿಲಿಮೀಟರ್.

ಕಂಪನದ ಅಳತೆ ನಿಸ್ತಂತು ಜಾಲಕ್ಕೆ ಕಠಿಣ ಪರೀಕ್ಷೆ. ಮೂರು ದಿಕ್ಕುಗಳಲ್ಲಿ ಸೆಕೆಂಡಿಗೆ ನೂರು ಸಲ ಅಳೆದರೆ ಒಂದೇ ಘಟಕ ದಿನಕ್ಕೆ ಸುಮಾರು 52 ಮೆಗಾಬೈಟ್ ಮಾಹಿತಿ ಕೂಡಿಸುತ್ತದೆ. ಬೇರೆ ಬೇರೆ ಘಟಕಗಳ ಗಡಿಯಾರಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಮಟ್ಟದಲ್ಲಿ ಕೂಡಿ ನಡೆಯದಿದ್ದರೆ ಗೋಪುರದ ಬುಡ ಮತ್ತು ತಲೆಯ ಚಲನೆಯನ್ನು ಹೋಲಿಸಲಾಗದು. ಘಟಕದೊಳಗೇ ಲೆಕ್ಕ ಮಾಡಿ ಸಾರಾಂಶವನ್ನಷ್ಟೇ ಕಳಿಸುವುದು, ಮಿತಿ ಮೀರಿದ ಕಂಪನ ಬಂದಾಗ ಮಾತ್ರ ಪೂರ್ತಿ ದಾಖಲಿಸುವುದು ಇದಕ್ಕಿರುವ ಪರಿಹಾರ.

ನಾಲ್ಕನೆಯದು ಗಾಳಿಯ ತೇವ ಮತ್ತು ಗೋಡೆಯೊಳಗಿನ ಉಪ್ಪು. ನೆಲದ ನೀರು ಗೋಡೆಯನ್ನು ಏರುವಾಗ ತನ್ನೊಡನೆ ಲವಣಗಳನ್ನೂ ತರುತ್ತದೆ. ಗಾಳಿಯ ತೇವ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ಕರಗುತ್ತದೆ, ಕೆಳಗಿಳಿದರೆ ಹರಳುಗಟ್ಟುತ್ತದೆ. ಪ್ರತಿ ಸಲ ಹರಳುಗಟ್ಟುವಾಗಲೂ ಅದು ಕಲ್ಲಿನ ರಂಧ್ರಗಳನ್ನು ಒಳಗಿನಿಂದ ಒತ್ತುತ್ತದೆ. ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಗಾಳಿ ಬಹುತೇಕ ತೇವವಾಗಿಯೇ ಇರುವುದರಿಂದ ಉಪ್ಪು ಕರಗಿಯೇ ಇರುತ್ತದೆ. ಮಳೆ ನಿಂತ ಮೇಲೆ, ರಾತ್ರಿ ಮಂಜು ಹಗಲು ಬಿಸಿಲು ಇರುವ ದಿನಗಳಲ್ಲಿ, ತೇವ ದಿನಕ್ಕೊಮ್ಮೆ ಈ ಗೆರೆಯನ್ನು ದಾಟಿ ಹಿಂದಿರುಗುತ್ತದೆ. ಮಳೆಗಾಲ ಮುಗಿಯಿತೆಂದು ನಿರಾಳವಾಗುವ ಹೊತ್ತಿಗೆ ಉಪ್ಪಿನ ಹಾವಳಿ ಶುರುವಾಗಿರುತ್ತದೆ. ವರ್ಷಕ್ಕೊಮ್ಮೆ ಬಂದು ನೋಡುವ ಅಧಿಕಾರಿಗೆ ಇದು ಕಾಣುವುದಿಲ್ಲ, ಗಂಟೆಗೊಮ್ಮೆ ಅಳೆಯುವ ಸಂವೇದಕಕ್ಕೆ ಕಾಣುತ್ತದೆ.

ಐದನೆಯದು ನೆಲದ ನೀರು. ಗೋಡೆಯ ಹಿಂದಿನ ಮಣ್ಣು, ಅಡಿಪಾಯದ ಕೆಳಗಿನ ಒರತೆ, ಬಾವಿಯ ಮಟ್ಟ ಇವು ಏರಿಳಿದಂತೆ ಕಟ್ಟಡದ ಮೇಲಿನ ಒತ್ತಡವೂ ಏರಿಳಿಯುತ್ತದೆ. ಮೂರು ಮೀಟರ್ ಆಳಕ್ಕೆ ನಿಂತ ನೀರು ತಳದಲ್ಲಿ ಪ್ರತಿ ಚದರ ಮೀಟರಿಗೆ ಮೂರು ಟನ್ ಒತ್ತಡ ಹಾಕುತ್ತದೆ.

5. ಕೋಟೆಯಿಂದ ಹಲಸಿಯವರೆಗೆ

ಬೆಳಗಾವಿ ಸೀಮೆಯ ಪ್ರತಿಯೊಂದು ಬಗೆಯ ಕಟ್ಟಡಕ್ಕೂ ಈ ಐದರಲ್ಲಿ ಬೇರೆ ಬೇರೆ ಅಳತೆ ಮುಖ್ಯವಾಗುತ್ತದೆ. ಎಲ್ಲಕ್ಕೂ ಒಂದೇ ಪೆಟ್ಟಿಗೆಯನ್ನು ತಗುಲಿಸಿದರೆ ಹಣ ವ್ಯರ್ಥ.

ಬೆಳಗಾವಿ ಕೋಟೆಯ ಗೋಡೆ ಒಂದು ಬದಿಯಲ್ಲಿ ಕಂದಕವನ್ನೂ ಇನ್ನೊಂದು ಬದಿಯಲ್ಲಿ ತುಂಬಿದ ಮಣ್ಣನ್ನೂ ಹೊಂದಿದೆ. ಅಂಥ ಗೋಡೆಯ ಶತ್ರು ಹಿಂದಿನ ಮಣ್ಣಿನಲ್ಲಿ ನಿಲ್ಲುವ ನೀರು. ನೀರು ಹರಿದುಹೋಗುವ ತೂಬುಗಳು ಕಟ್ಟಿಕೊಂಡರೆ, ಕಲ್ಲಿನ ಸಂದಿಯಲ್ಲಿ ಅರಳಿ, ಆಲದ ಬೇರು ಇಳಿದರೆ, ಗೋಡೆಯ ಹೊಟ್ಟೆ ಮೊದಲು ಉಬ್ಬುತ್ತದೆ, ಆಮೇಲೆ ಒಂದು ಜೋರು ಮಳೆಗೆ ಕುಸಿಯುತ್ತದೆ. ಇಲ್ಲಿ ಬೇಕಾದದ್ದು ಉಬ್ಬಿದ ಕಡೆಗೆ ವಾಲುಮಾಪಕ, ಹಿಂದಿನ ಮಣ್ಣಿನಲ್ಲಿ ನೀರಿನ ಮಟ್ಟದ ಮಾಪಕ, ಪಕ್ಕದಲ್ಲಿ ಒಂದು ಮಳೆಮಾಪಕ. ಎಷ್ಟು ಮಳೆಗೆ ಎಷ್ಟು ಹೊತ್ತಿನಲ್ಲಿ ನೀರು ಏರುತ್ತದೆ, ಎಷ್ಟು ದಿನದಲ್ಲಿ ಇಳಿಯುತ್ತದೆ ಎಂಬುದು ಎರಡು ಮಳೆಗಾಲಗಳ ದಾಖಲೆಯಿಂದ ತಿಳಿದರೆ, ಯಾವ ತೂಬನ್ನು ಮೊದಲು ತೆರೆಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಕೋಟೆಯೊಳಗಿನ ಕಮಲ ಬಸದಿಯನ್ನು 1204ರಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ಮಂಟಪದ ಛಾವಣಿಯಿಂದ ಕೆಳಗೆ ಅರಳಿದ ಕಲ್ಲಿನ ಕಮಲವೇ ಅದಕ್ಕೆ ಹೆಸರು ತಂದಿದೆ. ಒಳಗೆ ನೇಮಿನಾಥ ತೀರ್ಥಂಕರನ ಮೂರ್ತಿಯಿದೆ. ಇಂಥ ಕಟ್ಟಡದಲ್ಲಿ ಭಾರವೆಲ್ಲ ತೊಲೆಗಳ ಮೂಲಕ ಕಂಬಗಳಿಗೆ ಇಳಿಯುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ತೊಲೆ ಬಾಗಿದಾಗ ನಡುವಿನ ಕೆಳಮೈಯಲ್ಲಿ ಮೊದಲ ಬಿರುಕು ಕಾಣುತ್ತದೆ. ಸಂವೇದಕದ ಜಾಗ ಅದೇ. ಜೊತೆಗೆ ಛಾವಣಿಯ ಸೋರಿಕೆಯನ್ನು ಹಿಡಿಯುವ ತೇವಮಾಪಕ ಬೇಕು. ಬಸದಿಯಲ್ಲಿ ಪೂಜೆ, ಅಭಿಷೇಕ, ದೀಪ ಇರುವುದರಿಂದ ಒಳಗಿನ ತೇವ ಮತ್ತು ತಾಪ ಕೆಲವು ಹೊತ್ತು ಏರುವುದು ಸಹಜ. ಅಭಿಷೇಕದ ಹೊತ್ತನ್ನು ಅರ್ಚಕರಿಂದ ಕೇಳಿ ಬರೆದಿಟ್ಟುಕೊಳ್ಳದ ತಂತ್ರಜ್ಞ ಪೂಜೆಯ ನೀರನ್ನು ಛಾವಣಿಯ ಸೋರಿಕೆ ಎಂದು ತಿಳಿದಾನು. ಅದೇ ಕೋಟೆಯ ಸಫಾ ಮಸೀದಿಗೂ ಇದೇ ಮಾತು ಸಲ್ಲುತ್ತದೆ: ಜನ ಸೇರುವ ಹೊತ್ತಿನ ಲೆಕ್ಕವಿಲ್ಲದೆ ಒಳಗಿನ ಗಾಳಿಯ ಲೆಕ್ಕ ಅರ್ಥವಾಗದು.

ಖಾನಾಪುರ ತಾಲ್ಲೂಕಿನ ಹಲಸಿ ಹಿಂದಿನ ಪಲಾಶಿಕೆ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದ, ಮುಂದೆ ಗೋವೆಯ ಕದಂಬರ ಕಾಲದಲ್ಲೂ ಮೆರೆದ ಊರು. ಅಲ್ಲಿನ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಸಹ್ಯಾದ್ರಿಯ ಅಂಚಿನ ಈ ತಾಲ್ಲೂಕಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿ ಮತ್ತು ಜಾಂಬೋಟಿಯ ಕಡೆ, ಮಳೆ ಬೆಳಗಾವಿ ನಗರಕ್ಕಿಂತ ಬಹಳ ಹೆಚ್ಚು. ಮೋಡ ಮುಚ್ಚಿದ ನಾಲ್ಕು ತಿಂಗಳು ಸೌರಫಲಕವನ್ನು ನೆಚ್ಚುವಂತಿಲ್ಲ. ವಿದ್ಯುತ್ತು, ಮೊಬೈಲ್ ಸಿಗ್ನಲ್ ಎರಡೂ ಕೈಕೊಡಬಹುದು. ಆದ್ದರಿಂದ ಅಲ್ಲಿನ ಘಟಕಗಳು ದೊಡ್ಡ ಬ್ಯಾಟರಿಯವಾಗಿರಬೇಕು ಮತ್ತು ಸಂಪರ್ಕ ಕಡಿದಾಗ ಅಂಕಿಗಳನ್ನು ತಮ್ಮಲ್ಲೇ ಉಳಿಸಿಟ್ಟು, ಸಂಪರ್ಕ ಬಂದಾಗ ಕಳಿಸಬೇಕು. ಮಳೆಯ ಅಂಕಿಯೇ ಮಳೆಯಲ್ಲಿ ಕಳೆದುಹೋದರೆ ಇಡೀ ವರ್ಷದ ಕೆಲಸ ನೀರುಪಾಲು.

ಬೆಳಗಾವಿ ನಗರದ ಟಿಳಕವಾಡಿಯಲ್ಲಿ ಸಮಸ್ಯೆಯ ರೂಪ ಬೇರೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಅಧಿವೇಶನಕ್ಕೆ ಬಂದವರ ನೀರಿನ ಅಗತ್ಯಕ್ಕೆಂದು ತೋಡಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ ಎಂದೇ ಉಳಿದಿದೆ. ಬಾವಿಯ ಕಟ್ಟೆಗೆ ಒಳಗಿನ ನೀರು ಒಂದು ಆಸರೆ. ಪಂಪ್ ಹಚ್ಚಿ ನೀರನ್ನು ಥಟ್ಟನೆ ಇಳಿಸಿದರೆ ಹಿಂದಿನ ನೆನೆದ ಮಣ್ಣು ಗೋಡೆಯನ್ನು ಒಳಕ್ಕೆ ನೂಕುತ್ತದೆ. ಹಳೆಯ ಬಾವಿಗಳಲ್ಲಿ ಗೋಡೆ ಜಾರುವುದು ಹೂಳೆತ್ತುವ ಸಮಯದಲ್ಲಿ ಎಂಬುದನ್ನು ಹಳ್ಳಿಯ ಬಾವಿ ಕೆಲಸದವರು ಬಲ್ಲರು. ನೀರಿನ ಮಟ್ಟ ಅಳೆಯುವ ಒಂದೇ ಒಂದು ಸಂವೇದಕ, ಬಾವಿಕಟ್ಟೆಯ ಮೇಲೆ ಒಂದು ಕಂಪನಮಾಪಕ ಇದ್ದರೆ ಬಾವಿಯ ಸ್ಥಿತಿ ತಿಳಿಯಲು ಸಾಕು. ಪಕ್ಕದ ಕಾಂಗ್ರೆಸ್ ರಸ್ತೆಯ ವಾಹನಗಳು, ರೈಲು ಹಳಿ, ಸುತ್ತ ಏಳುವ ಹೊಸ ಕಟ್ಟಡಗಳ ಅಡಿಪಾಯದ ಕೆಲಸ ಇವು ಎಷ್ಟು ಕಂಪನ ತರುತ್ತವೆ ಎಂಬುದನ್ನು ಊಹೆ ಬಿಟ್ಟು ಅಂಕಿಯಲ್ಲಿ ಹೇಳಲು ಆಗ ಸಾಧ್ಯ.

ನಗರದ ಹಳೆಯ ಗಲ್ಲಿಗಳ ಹೆಂಚಿನ ಮನೆಗಳು ಯಾವ ಪಟ್ಟಿಯಲ್ಲೂ ಇಲ್ಲದ ಪರಂಪರೆ. ಸ್ವಾಮಿ ವಿವೇಕಾನಂದರು 1892ರಲ್ಲಿ ಬೆಳಗಾವಿಗೆ ಬಂದಾಗ ತಂಗಿದ್ದ ರಿಸಾಲ್ದಾರ್ ಗಲ್ಲಿಯ ಮನೆ ಸ್ಮಾರಕವಾಗಿ ಉಳಿದಿದೆ. ಇತರ ಮನೆಗಳಿಗೆ ಆ ಭಾಗ್ಯವಿಲ್ಲ. ಮರದ ತೊಲೆ, ಜಂತಿಗಳಿರುವ ಮನೆಯಲ್ಲಿ ಅಳೆಯಬೇಕಾದದ್ದು ಮರದ ತೇವ. ಅದು ಶೇಕಡಾ 20 ದಾಟಿ ಬಹುದಿನ ನಿಂತರೆ ಬೂಸ್ಟು ಹಿಡಿದು ಕೊಳೆಯುವುದು ಆರಂಭವಾಗುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೂತಿರುವ ಜಾಗವೇ ಮೊದಲು ಕೊಳೆಯುವ ಜಾಗ. ಕಣ್ಣಿಗೆ ಕಾಣದ ಜಾಗವೂ ಅದೇ.

6. ಅಳವಡಿಸುವ ಕ್ರಮ

ಮೊದಲ ಹೆಜ್ಜೆ ಅನುಮತಿ. ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ರಾಜ್ಯದ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯ್ದೆಯಿದೆ. ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಹೊಡೆಯಲೂ ಬಾರದು.

ಎರಡನೆಯದು ಕಟ್ಟಡದ ಓದು. ನಕ್ಷೆ ಬರೆದು, ಪ್ರತಿ ಬಿರುಕಿಗೂ ಸಂಖ್ಯೆ ಕೊಟ್ಟು, ಚಿತ್ರ ತೆಗೆದು, ಹಿಂದಿನ ದುರಸ್ತಿಗಳ ಕಡತ ಹುಡುಕಬೇಕು. ಸುಣ್ಣದ ಗಾರೆಯ ಗೋಡೆಗೆ ಯಾವಾಗಲೋ ಸಿಮೆಂಟ್ ಮೆತ್ತಿದ್ದರೆ ಅದೇ ತೇವವನ್ನು ಒಳಗೆ ಕಟ್ಟಿಹಾಕಿರಬಹುದು. ಹತ್ತಿರದ ಹಿರಿಯರು, ಅರ್ಚಕರು, ಕಾವಲುಗಾರರು ಹೇಳುವ ಮಾತು ಇಲ್ಲಿ ದಾಖಲೆಯಷ್ಟೇ ಬೆಲೆಯುಳ್ಳದ್ದು: ಯಾವ ಮೂಲೆ ಮೊದಲು ಸೋರುತ್ತದೆ ಎಂಬುದು ಅವರಿಗೆ ಗೊತ್ತು.

ಮೂರನೆಯದು ಅಂಟಿಸುವ ಬಗೆ. ಕಲ್ಲಿಗೆ ರಂಧ್ರ ಕೊರೆಯದೆ, ಬೇಕೆಂದಾಗ ಕರಗಿಸಿ ತೆಗೆಯಬಹುದಾದ ಅಂಟನ್ನು ಬಳಸಬೇಕು. ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ಪ್ಯಾರಾಲಾಯ್ಡ್ ಬಿ-72 ಅಸಿಟೋನಿನಲ್ಲಿ ಕರಗುವಂಥದ್ದು. ಕೆತ್ತನೆಯ ಮೇಲೆ, ಶಾಸನದ ಮೇಲೆ, ಬಣ್ಣದ ಮೇಲೆ ಏನನ್ನೂ ಅಂಟಿಸಬಾರದು. ಸಾದಾ ಕಲ್ಲಿನ ಮೇಲೆ, ನೋಡುಗರ ಕಣ್ಣಿಗೆ ಬೀಳದ ಕಡೆ ಇಡಬೇಕು. ಪೂಜಾಸ್ಥಳಗಳಲ್ಲಿ ಎಲ್ಲಿ ಕೈಯಿಡಬಾರದು ಎಂಬುದನ್ನು ಅಲ್ಲಿಯವರನ್ನೇ ಕೇಳಿ ನಡೆಯಬೇಕು.

ನಾಲ್ಕನೆಯದು ಸಂವೇದಕದ ಪರೀಕ್ಷೆ. ಅಗ್ಗದ ತೇವಮಾಪಕಗಳು ಕಾಲಕ್ರಮೇಣ ತಪ್ಪು ಹೇಳತೊಡಗುತ್ತವೆ. ಅವನ್ನು ಸರಿನೋಡುವ ಉಪಾಯ ಅಡುಗೆಮನೆಯಲ್ಲೇ ಇದೆ. ಮುಚ್ಚಿದ ಡಬ್ಬಿಯಲ್ಲಿ ನೀರಿನಿಂದ ಒದ್ದೆ ಮಾಡಿದ ಉಪ್ಪನ್ನು ಇಟ್ಟರೆ ಒಳಗಿನ ಗಾಳಿಯ ತೇವ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕವನ್ನು ಅದರೊಳಗಿಟ್ಟು, ಅದು ಏನು ತೋರಿಸುತ್ತದೆ ಎಂದು ವರ್ಷಕ್ಕೊಮ್ಮೆ ನೋಡಿದರೆ ಸಾಕು.

7. ಅಂಕಿಯನ್ನು ಓದುವುದು

ಮೊದಲ ವರ್ಷದ ಅಂಕಿಗಳಿಂದ ತೀರ್ಪು ಕೊಡುವುದು ಆತುರವಾಗುತ್ತದೆ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ಒಂದು ಸುತ್ತು ನೋಡಿದ ಮೇಲೆಯೇ ಕಟ್ಟಡದ ಸಹಜ ಏರಿಳಿತ ಗೊತ್ತಾಗುತ್ತದೆ. ಬಿರುಕು ಬೇಸಿಗೆಯಲ್ಲಿ ಮುಚ್ಚಿ ಚಳಿಗೆ ತೆರೆದು ವರ್ಷದ ಕೊನೆಗೆ ಮೊದಲಿನ ಜಾಗಕ್ಕೆ ಬಂದರೆ ಅದು ಉಸಿರಾಟ. ಪ್ರತಿ ವರ್ಷವೂ ಸ್ವಲ್ಪ ಮುಂದೆಯೇ ನಿಂತರೆ ಅದು ರೋಗ. ಎರಡನ್ನೂ ಬೇರ್ಪಡಿಸಲು ಎರಡು ಮೂರು ವರ್ಷಗಳ ದಾಖಲೆ ಬೇಕಾಗುತ್ತದೆ. ಕಂಪನಾಂಕವೂ ಹಾಗೆಯೇ: ನೆನೆದ ಗೋಡೆ ಭಾರವಾಗಿ ಅಂಕ ಇಳಿಯಬಹುದು, ಬಿಸಿಲಿಗೆ ಕಲ್ಲುಗಳು ಹಿಗ್ಗಿ ಬಿಗಿದುಕೊಂಡು ಏರಬಹುದು. ಇವನ್ನು ಕಳೆದ ಮೇಲೆ ಉಳಿಯುವ ಇಳಿಕೆಯೇ ಚಿಂತಿಸಬೇಕಾದದ್ದು.

ಎಚ್ಚರಿಕೆಯ ಮಟ್ಟಗಳನ್ನು ಎರಡಾಗಿ ಇಡುವುದು ಒಳ್ಳೆಯದು. ಮೊದಲನೆಯದು ದಾಟಿದರೆ ಒಬ್ಬರು ಹೋಗಿ ಕಣ್ಣಾರೆ ನೋಡಿ ಬರಬೇಕು. ಎರಡನೆಯದು ದಾಟಿದರೆ ಜನರನ್ನು ದೂರವಿಟ್ಟು ಆಸರೆ ಕಂಬ ಕೊಡಬೇಕು. ಯಾರು ಹೋಗಬೇಕು, ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ ಎಂಬುದು ಸಂವೇದಕ ಕೂರಿಸುವ ದಿನವೇ ಬರಹದಲ್ಲಿ ಇರಬೇಕು. ಪದೇ ಪದೇ ಹುಸಿ ಎಚ್ಚರಿಕೆ ಕೊಡುವ ಜಾಲವನ್ನು ಜನ ನಂಬುವುದನ್ನು ಬಿಡುತ್ತಾರೆ. ನಿಜವಾದ ಎಚ್ಚರಿಕೆ ಬಂದ ದಿನ ಅದನ್ನೂ ಕಡೆಗಣಿಸುತ್ತಾರೆ.

ಅಂಕಿಗಳ ಒಡೆತನವೂ ಮುಖ್ಯ. ಬ್ಯಾಟರಿ ಮೂರು ವರ್ಷಕ್ಕೆ ಮುಗಿಯುತ್ತದೆ, ಉಪಕರಣ ಹತ್ತು ವರ್ಷಕ್ಕೆ ಹಳತಾಗುತ್ತದೆ, ಮಾರಿದ ಕಂಪನಿ ಮುಚ್ಚಿಹೋಗಬಹುದು. ಕಮಲ ಬಸದಿಯಂಥ ಕಟ್ಟಡಕ್ಕೆ ಎಂಟುನೂರು ವರ್ಷ. ಆದ್ದರಿಂದ ದಾಖಲೆ ಯಾವುದೋ ಒಂದು ತಂತ್ರಾಂಶದ ಒಳಗೆ ಬೀಗ ಹಾಕಿಕೊಂಡು ಕೂರದೆ, ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಟ್ಟಿಯಾಗಿ, ಒಂದಕ್ಕಿಂತ ಹೆಚ್ಚು ಕಡೆ ಉಳಿಯಬೇಕು.

8. ಮಿತಿ ಮತ್ತು ಹೊಣೆ

ಸಂವೇದಕ ಇಟ್ಟ ಜಾಗದಲ್ಲಿ ಆಗುವುದನ್ನಷ್ಟೇ ಹೇಳುತ್ತದೆ. ಎರಡು ಮೀಟರ್ ಆಚೆ ಆಗುವುದು ಅದಕ್ಕೆ ತಿಳಿಯದು. ಅದು ತೂಬಿನ ಕಸ ತೆಗೆಯದು, ಸಂದಿಯ ಅರಳಿ ಗಿಡ ಕೀಳದು, ಒಡೆದ ಹೆಂಚು ಬದಲಿಸದು. ಮಳೆಗಾಲಕ್ಕೆ ಮುಂಚೆ ಛಾವಣಿ ಹತ್ತಿ ನೋಡುವ ಕೆಲಸದವನನ್ನು ತೆಗೆದು ಆ ಹಣದಲ್ಲಿ ಸಂವೇದಕ ಕೊಳ್ಳುವುದು ಕಟ್ಟಡಕ್ಕೆ ಬಗೆದ ದ್ರೋಹ. ವರ್ಷವರ್ಷದ ಆರೈಕೆ ಮೊದಲು, ಅಳತೆ ಅದಕ್ಕೆ ಬೆಂಬಲ.

ಈ ಕೆಲಸಕ್ಕೆ ಬೇಕಾದ ವಿದ್ಯೆ ದೂರದಲ್ಲಿಲ್ಲ. ಪಾರಂಪರಿಕ ಕಟ್ಟಡಗಳ ಸುರಕ್ಷತೆಗೆಂದೇ ಮದ್ರಾಸಿನ ಐಐಟಿಯಲ್ಲಿ ರಾಷ್ಟ್ರೀಯ ಕೇಂದ್ರವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ದೇಶದ ಹಳೆಯ ಕಟ್ಟಡಗಳನ್ನು ಪರೀಕ್ಷಿಸುತ್ತ ಬಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದೇ ಬೆಳಗಾವಿಯಲ್ಲಿ; ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮೂರೂ ವಿಭಾಗಗಳಿವೆ. ಒಂದು ತಂಡದ ವಿದ್ಯಾರ್ಥಿಗಳು ಕೂರಿಸಿದ್ದನ್ನು ಮುಂದಿನ ತಂಡ ನೋಡಿಕೊಂಡು, ಅದರ ಮುಂದಿನ ತಂಡ ಅಂಕಿಗಳನ್ನು ಓದಿ, ಇಲಾಖೆಯವರ ಕೈಗೆ ವರ್ಷಕ್ಕೊಂದು ವರದಿ ಕೊಡುವ ಕ್ರಮ ಬೆಳೆದರೆ ಕಮಲ ಬಸದಿಗೂ ಹಲಸಿಯ ಗುಡಿಗೂ ಕಾಂಗ್ರೆಸ್ ಬಾವಿಗೂ ಒಂದೊಂದು ದಿನಚರಿ ಸಿದ್ಧವಾಗುತ್ತದೆ. ಒಂದೇ ಕಟ್ಟಡ, ಒಂದೇ ಬಿರುಕು, ಒಂದು ಮಳೆಗಾಲ ಎಂದು ಚಿಕ್ಕದಾಗಿಯೇ ಆರಂಭಿಸಬಹುದು. ಬರುವ ಜೂನ್ ತಿಂಗಳ ಮೊದಲ ಮಳೆಗೆ ಮುಂಚೆ ಆ ಮೊದಲ ಅಳತೆಯನ್ನು ಬರೆದಿಡುವುದು ಇಂದಿನವರ ಹೊಣೆ. ಹಿಂದಿನವರು ಕಲ್ಲಿನಲ್ಲಿ ಬರೆದಿಟ್ಟ ದಿನಾಂಕದಿಂದಲೇ ಬಸದಿಯ ಹುಟ್ಟು ತಿಳಿದಿದೆ. ಅದರ ಮುಂದಿನ ಆರೋಗ್ಯವೂ ದಿನಾಂಕ ಸಮೇತ ಬರೆದಿಟ್ಟರೆ ಮಾತ್ರ ತಿಳಿಯುತ್ತದೆ.